ಹಂಚಿಕೆಯ ಕಡತ ವ್ಯವಸ್ಥೆಗಳಲ್ಲಿ ಮೆಮೊರಿ ಮ್ಯಾಪಿಂಗ್

ಮೆಮೊರಿ ಮ್ಯಾಪಿಂಗ್ ಎಂದರೆ ಡಿಸ್ಕಿನಲ್ಲಿರುವ ಕಡತವನ್ನು ಪ್ರೋಗ್ರಾಮಿನ ಸ್ಮೃತಿ ವಿಳಾಸಗಳಿಗೆ ಜೋಡಿಸಿ, ಸ್ಮೃತಿಯ ಭಾಗವೆಂಬಂತೆಯೇ ಓದುವ ಮತ್ತು ಬರೆಯುವ ವಿಧಾನ. ಲಿನಕ್ಸ್ ಹಾಗೂ ಯುನಿಕ್ಸ್ ವ್ಯವಸ್ಥೆಗಳಲ್ಲಿ ಇದಕ್ಕೆ 'ಎಂಮ್ಯಾಪ್' ಎಂಬ ಕರೆ ಬಳಕೆಯಲ್ಲಿದೆ. ಹಲವು ಗಣಕಗಳು ಜಾಲದ ಮೂಲಕ ಒಂದೇ ಕಡತಕ್ಕೆ ಏಕಕಾಲದಲ್ಲಿ ಹೀಗೆ ಬರೆದಾಗ, ಯಾವುದೇ ದೋಷಸೂಚನೆಯಿಲ್ಲದೆ ದತ್ತಾಂಶ ನಷ್ಟವಾಗಬಹುದು.

ಕಾರ್ಯವಿಧಾನ

ಮ್ಯಾಪ್ ಮಾಡಿದ ಭಾಗವನ್ನು ಪ್ರೋಗ್ರಾಂ ಮೊದಲ ಬಾರಿಗೆ ಬಳಸಿದಾಗ 'ಪೇಜ್ ಫಾಲ್ಟ್' ಉಂಟಾಗಿ, ಕರ್ನಲ್ ಆ ಪುಟವನ್ನು ಸ್ಮೃತಿಗೆ ತರುತ್ತದೆ. ಪುಟದ ಗಾತ್ರ ಸಾಮಾನ್ಯವಾಗಿ 4096 ಬೈಟ್. ಬದಲಾದ ಪುಟಗಳನ್ನು ಕರ್ನಲ್ ತನ್ನ ಅನುಕೂಲದಂತೆ, ಅಥವಾ 'ಎಂಸಿಂಕ್' ಕರೆ ಬಂದಾಗ, ಕಡತಕ್ಕೆ ಬರೆಯುತ್ತದೆ. ಒಂದೇ ಗಣಕದ ಪ್ರಕ್ರಿಯೆಗಳು ಹಂಚಿಕೆಯ ಮ್ಯಾಪಿಂಗ್ ಬಳಸಿದರೆ ಎಲ್ಲವೂ ಒಂದೇ ಪ್ರತಿಯನ್ನು ನೋಡುತ್ತವೆ. ವಿತರಿತ ವ್ಯವಸ್ಥೆಯಲ್ಲಾದರೋ ಪ್ರತಿ ಗಣಕವೂ ತನ್ನದೇ ಪ್ರತಿಯನ್ನು ಇಟ್ಟುಕೊಳ್ಳುತ್ತದೆ.

ಸಮಸ್ಯೆಯ ಸ್ವರೂಪ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಮಳೆಯ ಲೆಕ್ಕಾಚಾರವನ್ನು ಮೂರು ಗಣಕಗಳು ನಡೆಸಿ, ಫಲಿತಾಂಶವನ್ನು ಒಂದೇ ಕಡತಕ್ಕೆ ಬರೆಯುತ್ತವೆ ಎಂದು ಉದಾಹರಣೆಗಾಗಿ ಭಾವಿಸಬಹುದು. ಕಡತದ ಆರಂಭದಿಂದ ತಾಲ್ಲೂಕಿಗೆ 1000 ಬೈಟ್‌ನಂತೆ ಮೀಸಲಿಟ್ಟರೆ ಮೂರೂ ಭಾಗಗಳು ಒಂದೇ ಪುಟದೊಳಗೆ ಬರುತ್ತವೆ. ಪುಟ ಬದಲಾಗಿದೆ ಎಂಬುದನ್ನು ಯಂತ್ರಾಂಶ ಗುರುತಿಸುತ್ತದೆಯೇ ಹೊರತು ಯಾವ ಬೈಟ್ ಬದಲಾಯಿತೆಂಬುದನ್ನಲ್ಲ. ಆದ್ದರಿಂದ ಇಡೀ ಪುಟವೇ ಮರಳಿ ಬರೆಯಲ್ಪಡುತ್ತದೆ. ಗಣಕಗಳ ನಡುವೆ ಹೊಂದಾಣಿಕೆ ಇಲ್ಲದಿದ್ದರೆ, ಕೊನೆಗೆ ಬರೆದ ಗಣಕದ ಪುಟವು ಉಳಿದೆರಡು ತಾಲ್ಲೂಕುಗಳ ಫಲಿತಾಂಶದ ಮೇಲೆ ಹಳೆಯ ಮೌಲ್ಯಗಳನ್ನು ಬರೆದುಬಿಡುತ್ತದೆ. ಎನ್‌ಎಫ್‌ಎಸ್‌ನಲ್ಲಿ ಈ ಅಪಾಯವಿದೆ. ಒಂದು ಗಣಕ ಕಡತವನ್ನು ಮುಚ್ಚಿದ ಬಳಿಕ ಇನ್ನೊಂದು ತೆರೆದಾಗ ಮಾತ್ರ ಹೊಸ ದತ್ತಾಂಶ ಕಾಣುತ್ತದೆಂಬುದು ಅದರ ಸಾಮಾನ್ಯ ಭರವಸೆ.

ಬೀಗ ನಿರ್ವಹಣೆ

ಲಸ್ಟರ್ ಕಡತ ವ್ಯವಸ್ಥೆಯ ಮೊದಲ ಆವೃತ್ತಿ 2003ರಲ್ಲಿ ಬಿಡುಗಡೆಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸ್ಥಾಪನೆಯಾದ ಕ್ರೇ ಎಕ್ಸ್‌ಸಿ40 ಸೂಪರ್ ಕಂಪ್ಯೂಟರ್ 'ಸಹಸ್ರಟಿ' ಇದನ್ನೇ ಬಳಸಿತು. ಲಸ್ಟರ್‌ನಲ್ಲಿ ಬರೆಯುವ ಮುನ್ನ ಗಣಕವು ಕಡತದ ಆ ಭಾಗದ ಮೇಲೆ ಬೀಗ ಪಡೆಯಬೇಕು. ಮತ್ತೊಂದು ಗಣಕ ಅದೇ ಭಾಗವನ್ನು ಕೇಳಿದಾಗ ಮೊದಲನೆಯದು ಬದಲಾದ ಪುಟಗಳನ್ನು ಸರ್ವರ್‌ಗೆ ಕಳುಹಿಸಿ, ತನ್ನ ಪ್ರತಿಯನ್ನು ತೊರೆದು, ಬೀಗ ಬಿಟ್ಟುಕೊಡುತ್ತದೆ. ಇದರಿಂದ ದತ್ತಾಂಶ ಉಳಿಯುತ್ತದೆ. ಆದರೆ ಒಂದೇ ಪುಟಕ್ಕಾಗಿ ಪೈಪೋಟಿ ನಡೆದರೆ ಬೀಗ ಮತ್ತು ಪುಟಗಳು ಜಾಲದಲ್ಲಿ ಅಲೆದಾಡಿ ವೇಗ ಕುಸಿಯುತ್ತದೆ.

ಮೌಲ್ಯವನ್ನು ಓದಿ, ಒಂದು ಕೂಡಿಸಿ, ಮರಳಿ ಬರೆಯುವ ಎಣಿಕೆಯಂತಹ ಕ್ರಿಯೆಗಳಿಗೆ ಈ ಬೀಗವೂ ಸಾಲದು. ಓದುವ ಮತ್ತು ಬರೆಯುವ ಹಂತಗಳ ನಡುವೆ ಬೀಗ ಕೈಬದಲಾಗಬಹುದು. ಪ್ರೊಸೆಸರ್‌ನ ಅವಿಭಾಜ್ಯ ಆದೇಶಗಳು ಒಂದು ಗಣಕದೊಳಗಷ್ಟೇ ಪರಿಣಾಮಕಾರಿ.

ಪರಿಹಾರಗಳು

ಪ್ರತಿ ಗಣಕದ ಭಾಗವನ್ನು ಪುಟದ ಗಡಿಯಿಂದಲೇ ಆರಂಭಿಸುವುದು, ಅಥವಾ ಗಣಕಕ್ಕೊಂದು ಕಡತವಿಟ್ಟು ಕೊನೆಯಲ್ಲಿ ಒಗ್ಗೂಡಿಸುವುದು ಸರಳ ಮಾರ್ಗಗಳು. ಸಮಾನಾಂತರ ಬರವಣಿಗೆಗೆಂದೇ ರೂಪಿಸಲಾದ ಎಂಪಿಐ-ಐಒ 1997ರ ಎಂಪಿಐ-2 ಮಾನಕದ ಭಾಗವಾಗಿದೆ. ಕಡತದ ಅಂತ್ಯವನ್ನು ದಾಟಿದ ಪುಟವನ್ನು ಬಳಸಿದರೆ ಪ್ರೋಗ್ರಾಂ 'ಬಸ್ ಎರರ್' ಸಂಕೇತದಿಂದ ನಿಲ್ಲಬಹುದಾದ್ದರಿಂದ, ಮ್ಯಾಪ್ ಮಾಡುವ ಮೊದಲೇ ಕಡತದ ಗಾತ್ರವನ್ನು ನಿಗದಿಪಡಿಸುವುದು ಅಗತ್ಯ.