ಅಟ್ಟದ ಮೇಲಿನ ಕಹಳೆ

ಓಬವ್ವನ ಒನಕೆ ಎಲ್ಲರಿಗೂ ಗೊತ್ತು. ಅವಳ ಗಂಡನ ಕಹಳೆ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಚಿತ್ರದುರ್ಗದ ಕಥೆಯಲ್ಲಿ ಅವನ ಹೆಸರೇ ಕಹಳೆ ಮುದ್ದ ಹನುಮ. ಊಟಕ್ಕೆಂದು ಮನೆಗೆ ಬಂದವನು ಊಟ ಮುಗಿಸಿ ಎದ್ದು ನೋಡುತ್ತಾನೆ, ಹೆಂಡತಿ ಕಿಂಡಿಯ ಬಳಿ ನೆತ್ತರು ಮೆತ್ತಿದ ಒನಕೆ ಹಿಡಿದು ನಿಂತಿದ್ದಾಳೆ, ಸುತ್ತ ಹೈದರಾಲಿಯ ಸೈನಿಕರ ಹೆಣ. ಅವನು ಕಹಳೆ ಊದಿದ, ಸೈನ್ಯ ಎದ್ದು ಬಂತು ಎನ್ನುತ್ತದೆ ಕಥೆ. ಕರೆಂಟಿಲ್ಲ, ಬ್ಯಾಟರಿಯಿಲ್ಲ. ಒಬ್ಬನ ಉಸಿರು ಏಳು ಸುತ್ತಿನ ಕೋಟೆಗೆಲ್ಲ ಕೇಳಿತು!

ಆ ಕಹಳೆಯ ಉಪಾಯವೇ ಮುಂದೆ ಗ್ರಾಮಫೋನಿಗೆ ಬಂತು, ಟೆಂಟ್ ಸಿನಿಮಾದ ಕಂಬಕ್ಕೆ ಬಂತು, ಕೆಲವು ಮನೆಗಳ ಪಡಸಾಲೆಗೂ ಬಂತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳೆಯ ಮನೆಗಳ ಅಟ್ಟ ಹತ್ತಿದರೆ ಇಂಥದೊಂದು ತಗಡಿನ ಹೂವು ಧೂಳು ಕುಡಿಯುತ್ತ ಕೂತಿರುವುದುಂಟು. ಗುಜರಿಯವನು ಅದನ್ನು ತೂಕಕ್ಕೆ ಹಾಕುತ್ತಾನೆ. ಹಾಗೆ ಕೊಡುವ ಮೊದಲು ಈ ಪುಟ ಓದಿ ಎಂದು ನನ್ನ ಕೋರಿಕೆ.

ಕಹಳೆ ಸದ್ದನ್ನು ದೊಡ್ಡದು ಮಾಡುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ನಿಜವಾಗಿ ಅದು ಮಾಡುವುದು ಪೋಲು ತಪ್ಪಿಸುವ ಕೆಲಸ. ಒನಕೆ ಹಿಡಿದು ಗಾಳಿ ಬೀಸಿ ನೋಡಿ. ತೋಳು ನೋಯುತ್ತದೆ, ಗಾಳಿ ಬರುವುದಿಲ್ಲ. ಒನಕೆ ಗಟ್ಟಿ, ಭಾರ. ಗಾಳಿ ಹಗುರ, ಪಕ್ಕಕ್ಕೆ ಜಾರಿಕೊಳ್ಳುತ್ತದೆ. ಮೊರದಲ್ಲಿ ಬೀಸಿದರೆ ಅದೇ ತೋಳಿಗೆ ಗಾಳಿ ಸಿಕ್ಕಿಬೀಳುತ್ತದೆ. ಸ್ಪೀಕರಿನೊಳಗೆ ಅಲುಗಾಡುವ ಚಿಕ್ಕ ಪೊರೆಯೂ ಒನಕೆಯ ಹಾಗೆಯೇ. ಅದರ ಮುಂದೆ ಕಿರಿದಾದ ಗಂಟಲಿಟ್ಟು, ಮೆಲ್ಲಮೆಲ್ಲಗೆ ಅಗಲವಾಗುವ ಬಾಯಿ ಕೊಟ್ಟರೆ ಗಂಟಲಿನ ಗಾಳಿ ಜಾರಲು ಜಾಗವಿಲ್ಲದೆ ಪೊರೆಯ ಒತ್ತಡವನ್ನು ಪೂರ್ತಿ ತೆಗೆದುಕೊಂಡು ಹೊರಗಿನ ಗಾಳಿಗೆ ದಾಟಿಸುತ್ತದೆ. ಕಹಳೆ ಒನಕೆಯಿಂದ ಮೊರದ ಕೆಲಸ ಮಾಡಿಸುತ್ತದೆ, ಅಷ್ಟೆ. ಸಾಮಾನ್ಯ ಸ್ಪೀಕರ್ ತನಗೆ ಕೊಟ್ಟ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲನ್ನು ಸದ್ದಾಗಿಸಿದರೆ ಒಳ್ಳೆಯ ಕಹಳೆ ಹತ್ತು, ಇಪ್ಪತ್ತು ಪಾಲನ್ನು ಸದ್ದಾಗಿಸಬಲ್ಲದು.

ಮಕ್ಕಳೇ, ಇದನ್ನು ನಂಬಬೇಡಿ, ಮಾಡಿ ನೋಡಿ. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಕಡಲೆಕಾಯಿ ಪೊಟ್ಟಣದ ಹಾಗೆ ಸುತ್ತಿ, ಚೂಪು ತುದಿ ಕತ್ತರಿಸಿ, ಮೊಬೈಲಿನ ಸ್ಪೀಕರ್ ತೂತಿನ ಮುಂದೆ ಹಿಡಿಯಿರಿ. ಸದ್ದು ಸ್ವಲ್ಪ ಏರುತ್ತದೆ. ಈಗ ಮೊಬೈಲನ್ನು ತೆಳು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಪೊಟ್ಟಣ ಮತ್ತು ಮೊಬೈಲಿನ ನಡುವಿನ ಸಂದನ್ನು ಚಪಾತಿ ಹಿಟ್ಟಿನಿಂದ ಮೆತ್ತಿ. (ಅಮ್ಮನನ್ನು ಕೇಳಿ ಹಿಟ್ಟು ತೆಗೆದುಕೊಳ್ಳಿ.) ಎರಡು ಸಲಕ್ಕೂ ಇರುವ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ. ಹಳೆಯ ಕಹಳೆ ರಿಪೇರಿಯ ಮುಕ್ಕಾಲು ಪಾಲು ಪಾಠ ಈ ಹಿಟ್ಟಿನಲ್ಲೇ ಇದೆ: ಸೋರಿಕೆ ನಿಲ್ಲಿಸುವುದು.

ನಮ್ಮ ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟು ಏಳುತ್ತಿದ್ದ ಕಾಲದಲ್ಲೇ ಭಾರತದಲ್ಲಿ ಹಾಡಿನ ತಟ್ಟೆಯ ಕೆಲಸವೂ ಶುರುವಾಯಿತು. ಅಣೆಕಟ್ಟಿನ ಕೆಲಸ 1898ರಿಂದ 1907ರವರೆಗೆ. ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿ ತಟ್ಟೆ ಮಾಡಿದ್ದು 1902ರಲ್ಲಿ. ಆಗ ಮೈಕ್ ಇರಲಿಲ್ಲ. ಗಾಯಕಿ ಒಂದು ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ಆ ಒತ್ತಡಕ್ಕೆ ಅಲುಗಿದ ಮುಳ್ಳು ಮೇಣದ ಮೇಲೆ ಗೀರು ಎಳೆಯುತ್ತದೆ. ಕೇಳುವ ಮನೆಯಲ್ಲಿ ಇನ್ನೊಂದು ಕಹಳೆ ಅದನ್ನೇ ತಿರುಗಿಸಿ ಹೇಳುತ್ತದೆ. ಒಂದು ಮಗ್ಗುಲಿಗೆ ಸುಮಾರು ಮೂರೇ ನಿಮಿಷ. ಇಡೀ ರಾಗ ಅಷ್ಟರೊಳಗೆ ಮುಗಿಯಬೇಕು. ಆ ಗೌಹರ್ ಜಾನ್ ಕೊನೆಗೆ ಬಂದದ್ದು ನಮ್ಮ ನಾಡಿಗೇ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನಕ್ಕೆ ಕರೆಸಿಕೊಂಡರು, 1930ರ ಜನವರಿಯಲ್ಲಿ ಅವರು ಮೈಸೂರಿನಲ್ಲೇ ತೀರಿಕೊಂಡರು. ಮಾರಿಕಣಿವೆಗೆ ವಾಣಿ ವಿಲಾಸ ಸಾಗರ ಎಂಬ ಹೆಸರು ಬಂದದ್ದು ಈ ನಾಲ್ವಡಿಯವರ ತಾಯಿಯಿಂದ.

ಅವರ ನಂತರ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರಿಗೆ ಹಾಡಿನ ತಟ್ಟೆಯ ಹುಚ್ಚು ಇನ್ನೂ ದೊಡ್ಡದು. ಲಂಡನ್ನಿನ ಧ್ವನಿಮುದ್ರಣ ತಜ್ಞ ವಾಲ್ಟರ್ ಲೆಗ್ ಮೈಸೂರಿಗೆ ಬಂದು ಅರಮನೆಯ ತಟ್ಟೆಗಳ ಸಂಗ್ರಹವನ್ನೂ ಸಾಲುಸಾಲು ಸ್ಪೀಕರುಗಳನ್ನೂ ಕಂಡು ಬೆರಗಾಗಿ ಬರೆದಿದ್ದಾನೆ. 1950ರಲ್ಲಿ ಜರ್ಮನಿಯ ರಿಚರ್ಡ್ ಸ್ಟ್ರಾಸ್‌ನ ಕೊನೆಯ ಹಾಡುಗಳನ್ನು ಲಂಡನ್ನಿನಲ್ಲಿ ಮೊದಲ ಬಾರಿ ಹಾಡಿಸಲು ಹಣದ ಭರವಸೆ ಕೊಟ್ಟವರು ಇದೇ ಮಹಾರಾಜರು. ಕಛೇರಿ ನಡೆದದ್ದು ಅಲ್ಲಿ, ಇವರು ಕೇಳಬೇಕಾದದ್ದು ಮೈಸೂರಿನಲ್ಲಿ ಕೂತು, ತಮ್ಮ ಸ್ಪೀಕರಿನಿಂದ!

ಹೊರದೇಶದ ಮನೆಗಳಲ್ಲಿ ಕಹಳೆ ಸ್ಪೀಕರಿಗೆ ಹೆಸರು ತಂದವನು ಅಮೆರಿಕದ ಪಾಲ್ ಕ್ಲಿಪ್ಶ್. ಅವನಿಗೊಂದು ತೊಡಕಿತ್ತು. ತಗ್ಗಿನ ಸ್ವರದ ಅಲೆ ಬಲು ಉದ್ದ. ಸೆಕೆಂಡಿಗೆ 50 ಸಲ ಕಂಪಿಸುವ ಸ್ವರದ ಒಂದು ಅಲೆ ಸುಮಾರು 7 ಮೀಟರ್. ಅದಕ್ಕೆ ತಕ್ಕ ಕಹಳೆ ಮಾಡಿದರೆ ಮನೆಯವರು ಹೊರಗೆ ಮಲಗಬೇಕು. ಅವನು ಕಹಳೆಯನ್ನು ಮರದ ಪೆಟ್ಟಿಗೆಯೊಳಗೆ ಮಡಿಸಿ, ಪೆಟ್ಟಿಗೆಯನ್ನು ಕೋಣೆಯ ಮೂಲೆಗೆ ಒತ್ತಿಟ್ಟ. ಎರಡು ಗೋಡೆ, ಒಂದು ನೆಲ ಸೇರಿ ಕಹಳೆಯ ಉಳಿದ ಬಾಯಿಯಾದವು. 1946ರಲ್ಲಿ ಅವನು ಶುರು ಮಾಡಿದ ಕಂಪನಿ ಆ ಮೂಲೆ ಸ್ಪೀಕರನ್ನು ಎಷ್ಟೋ ದಶಕ ಮಾರಿತು.

ನಮ್ಮ ಊರುಗಳಿಗೆ ಅಂಥದು ಬಂದದ್ದು ಅಪರೂಪ. ಬಂದದ್ದು ಮೈಕ್‌ಸೆಟ್ಟಿನ ಹಾರ್ನ್. ಟೆಂಟ್ ಸಿನಿಮಾದ ಕಂಬದ ಮೇಲಿಂದ ಘಂಟಸಾಲ ಅವರ ವೆಂಕಟೇಶನ ಹಾಡು ಹೊರಟರೆ ಆಟ ಶುರುವಾಗುತ್ತದೆ ಎಂದು ಹೊಲದಲ್ಲಿದ್ದವರಿಗೂ ತಿಳಿಯುತ್ತಿತ್ತು. ಟೆಂಟುಗಳು ಮುಚ್ಚಿದ ಮೇಲೆ ಆ ಹಾರ್ನುಗಳು ಎಲ್ಲೆಲ್ಲೋ ಸೇರಿದವು. ಅವುಗಳಲ್ಲಿ ಒಂದನ್ನು ಮನೆಗೆ ತಂದು ಹದ ಮಾಡುವುದು ಕಷ್ಟವಲ್ಲ. 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ 89 ವರ್ಷ ಸುಮ್ಮನಿದ್ದು 2022ರಲ್ಲಿ ಮತ್ತೆ ಕೋಡಿ ಹರಿಯಿತು. ಅಟ್ಟದ ಮೇಲೆ ನಲವತ್ತು ವರ್ಷ ಕೂತ ಹಾರ್ನ್ ನುಡಿಯದೆ ಇರುತ್ತದೆಯೇ?

ಮೊದಲು ಹಾರ್ನನ್ನು ಹಿಂದಿನ ಯೂನಿಟ್ಟಿನಿಂದ ಬಿಚ್ಚಿ ಗಂಟಲಿಗೆ ಟಾರ್ಚ್ ಹಾಕಿ. ಒಳಗೆ ಹುಳು ಕಟ್ಟಿದ ಮಣ್ಣಿನ ಗೂಡು ಸಿಗದಿದ್ದರೆ ನಿಮ್ಮ ಅದೃಷ್ಟ. ಕಡ್ಡಿಗೆ ಬಟ್ಟೆ ಸುತ್ತಿ ಬಿಡಿಸಿ. ಯೂನಿಟ್ಟಿನ ಬಾಯಿ ಮುಚ್ಚಿಡಿ, ಧೂಳು ಒಳಗೆ ಬೀಳಬಾರದು. ಯೂನಿಟ್ ಸತ್ತಿದ್ದರೂ ಎದೆಗುಂದಬೇಡಿ. ಸಾಮಾನ್ಯವಾಗಿ ಹೋಗುವುದು ಒಳಗಿನ ಡಯಾಫ್ರಾಮ್ ಒಂದೇ. ಮೈಕ್‌ಸೆಟ್ ರಿಪೇರಿಯವರು ಬದಲಿ ಹಾಕಿಕೊಡುತ್ತಾರೆ. ಮತ್ತೆ ಜೋಡಿಸುವಾಗ ನಡುವೆ ಹೊಸ ರಬ್ಬರ್ ವಾಷರ್ ಇರಲಿ, ಇದು ನಿಮ್ಮ ಚಪಾತಿ ಹಿಟ್ಟು. ಹಾರ್ನಿನ ಹಿಂದೆ ಟ್ರಾನ್ಸ್‌ಫಾರ್ಮರ್ ಇದ್ದರೆ ಅದು ಉದ್ದದ ತಂತಿಗೆಂದು ಹಾಕಿದ್ದು. ಮನೆಯ ಆಂಪ್ಲಿಫೈಯರಿಗೆ ಅದನ್ನು ಬಿಟ್ಟು ನೇರವಾಗಿ ಸೇರಿಸಬೇಕು.

ತಗ್ಗಿನ ಸ್ವರವನ್ನು ಹಾರ್ನಿಗೆ ಕಳಿಸಬೇಡಿ. ಅದಕ್ಕೆ ಆ ಸ್ವರ ನುಡಿಯಲು ಬರುವುದಿಲ್ಲ, ಡಯಾಫ್ರಾಮ್ ಮಾತ್ರ ಹರಿಯುತ್ತದೆ. 16 ಓಮ್ ಯೂನಿಟ್ಟಿನ ತಂತಿಯಲ್ಲಿ 33 ಮೈಕ್ರೊಫ್ಯಾರಡ್‌ನ, ಪ್ಲಸ್ ಮೈನಸ್ ಭೇದವಿಲ್ಲದ ಕಂಡೆನ್ಸರ್ ಕೂರಿಸಿದರೆ ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನದಕ್ಕೆ ಅದು ಅಡ್ಡ ನಿಲ್ಲುತ್ತದೆ. ಆ ತಗ್ಗಿನ ಭಾಗಕ್ಕೆ ಪಕ್ಕದಲ್ಲಿ ಸಾಧಾರಣ ಸ್ಪೀಕರೊಂದನ್ನಿಡಿ. ತಗಡು ಝಣ್ ಎನ್ನುತ್ತಿದ್ದರೆ ಹೊರಮೈಗೆ ದಪ್ಪ ಬಟ್ಟೆಯ ಪಟ್ಟಿ ಸುತ್ತಿದರಾಯಿತು. ಬೆಸುಗೆ ಕೆಲಸವೆಲ್ಲ ದೊಡ್ಡವರದು. ಹಳೆಯ ವಾಲ್ವ್ ಆಂಪ್ಲಿಫೈಯರ್ ಇದ್ದರೆ ಅದರ ಮುಚ್ಚಳ ತೆರೆಯುವುದು ದೊಡ್ಡವರ ಕೆಲಸವೂ ಅಲ್ಲ, ಬಲ್ಲವರದು. ಸ್ವಿಚ್ ಆರಿಸಿದ ಮೇಲೂ ಒಳಗೆ ನೂರಾರು ವೋಲ್ಟ್ ಉಳಿದಿರುತ್ತದೆ.

ಕೀಲಿ ಕೊಡುವ ಗ್ರಾಮಫೋನ್ ಸಿಕ್ಕವರು ಪುಣ್ಯವಂತರು. ಕರೆಂಟ್ ಹೋದ ರಾತ್ರಿಯೂ ಅದು ಹಾಡುತ್ತದೆ. ಹಾಡು ಕೀರಲಾದರೆ ಕಹಳೆಯನ್ನು ಬೈಯಬೇಡಿ, ಸೌಂಡ್ ಬಾಕ್ಸ್ ನೋಡಿ. ಅದರ ಪೊರೆ ಹಲವು ಪೆಟ್ಟಿಗೆಗಳಲ್ಲಿ ಕಾಗೆಬಂಗಾರದ್ದು. ನೂರು ವರ್ಷವಾದರೂ ಹಾಳಾಗಿರುವುದಿಲ್ಲ. ಹಾಳಾಗಿರುವುದು ಅದರ ಅಂಚಿನ ರಬ್ಬರ್, ಒಣಗಿ ಕಲ್ಲಾಗಿರುತ್ತದೆ. ಸೈಕಲ್ ವಾಲ್ವಿನ ಟ್ಯೂಬಿನಂಥ ಮೆತ್ತನೆಯ ರಬ್ಬರ್ ಹಾಕಿಸಿದರೆ ದನಿ ತಿಳಿಯಾಗುತ್ತದೆ. ಸ್ಪ್ರಿಂಗಿನ ಡಬ್ಬಿಗೆ ಮಾತ್ರ ಕೈ ಹಾಕಬೇಡಿ, ಚಿಮ್ಮಿದರೆ ಬೆರಳು ಸೀಳುತ್ತದೆ. ವೇಗ ನೋಡಲು ತಟ್ಟೆಯ ಅಂಚಿಗೆ ಕಾಗದದ ಚೂರು ಸಿಕ್ಕಿಸಿ ನಿಮಿಷಕ್ಕೆ 78 ಸುತ್ತು ಎಣಿಸಿ. ಇದು ಮಕ್ಕಳಿಗೆ ಹೇಳಿಮಾಡಿಸಿದ ಕೆಲಸ. ಉಕ್ಕಿನ ಮುಳ್ಳನ್ನು ಪ್ರತಿ ಮಗ್ಗುಲಿಗೂ ಬದಲಿಸಬೇಕು. ಜಿಪುಣತನ ಮಾಡಿದರೆ ತಟ್ಟೆ ಸವೆಯುತ್ತದೆ.

ಆ ಕಪ್ಪು ತಟ್ಟೆಗಳನ್ನು ಮಾಡಿದ್ದು ಅರಗಿನಿಂದ, ಮರದ ಮೇಲೆ ಪುಟ್ಟ ಕೀಟಗಳು ಕೊಡುವ ಅದೇ ಅರಗು. ಬಡಗಿಗಳು ಪಾಲಿಶ್ ಮಾಡಲು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸುತ್ತಾರಲ್ಲ, ಹಾಗಾಗಿ ತಟ್ಟೆಯನ್ನು ಸ್ಪಿರಿಟ್ ಹಾಕಿ ಒರೆಸಿದರೆ ಹಾಡೂ ಕರಗಿಹೋಗುತ್ತದೆ. ಒದ್ದೆ ಬಟ್ಟೆ ಸಾಕು, ನಡುವಿನ ಲೇಬಲ್ ನೆನೆಯಬಾರದು. ಇನ್ನೊಂದು ಎಚ್ಚರ: ಬಾಗಿಸಿದರೆ ಬಾಗುವ ಪ್ಲಾಸ್ಟಿಕ್ ತಟ್ಟೆಯನ್ನು ಈ ಗ್ರಾಮಫೋನಿಗೆ ಹಾಕಲೇಬಾರದು. ನಮ್ಮ ದುರ್ಗದಲ್ಲೇ ತೆಗೆದ 1972ರ ‘ನಾಗರಹಾವು’ ಚಿತ್ರದ ಹಾಡುಗಳ ಅಂಥ ತಟ್ಟೆ ನಿಮ್ಮಲ್ಲಿದ್ದರೆ ಉಕ್ಕಿನ ಮುಳ್ಳು ಒಂದೇ ಸಲಕ್ಕೆ ಅದನ್ನು ಉತ್ತುಬಿಡುತ್ತದೆ. ಅದಕ್ಕೆ ಕರೆಂಟಿನ ರೆಕಾರ್ಡ್ ಪ್ಲೇಯರೇ ಬೇಕು. ದನಿಯನ್ನು ಬೇಕಾದರೆ ಮೇಲೆ ಹೇಳಿದ ಹಾರ್ನಿಗೆ ಕೊಡಿ.

ಪೇಟೆಯಲ್ಲಿ ಫಳಫಳ ಹಿತ್ತಾಳೆ ಕಹಳೆಯ ‘ಹಳೆಯ’ ಗ್ರಾಮಫೋನುಗಳು ಮಾರಾಟಕ್ಕಿರುತ್ತವೆ. ಅವುಗಳಲ್ಲಿ ಎಷ್ಟೋ ನಿನ್ನೆ ಮೊನ್ನೆ ಜೋಡಿಸಿದವು, ನೋಡಲು ಚೆಂದ, ಕೇಳಲು ಆಗದು. ಅವಕ್ಕೆ ಸಾವಿರಾರು ರೂಪಾಯಿ ಸುರಿಯುವ ಬದಲು ತುಕ್ಕು ಹಿಡಿದ ಅಸಲಿಯನ್ನು ಸರಿಪಡಿಸುವುದೇ ಮೇಲು.

ಇನ್ನು ಕೇಳುವ ಬಗೆ. ಕಹಳೆಯ ಸುಖ ಅಬ್ಬರದಲ್ಲಿಲ್ಲ. ಗುಂಡಿಯನ್ನು ಒಂದು ಗೆರೆಯಷ್ಟೇ ತಿರುಗಿಸಿ, ಎಂಟು ಹತ್ತು ಅಡಿ ದೂರ ಕೂತರೆ ಹಾಡಿನ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದೆ, ಕಿವಿ ಮಂದವಾದ ಅಜ್ಜಿಗೂ ಕೇಳುತ್ತದೆ. ಬಾಯಿಯ ನೇರಕ್ಕೆ ತೀರ ಹತ್ತಿರ ಮಕ್ಕಳು ಕೂರುವುದು ಬೇಡ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದೆಂದು ಕಾನೂನೇ ಇದೆ. ಪಕ್ಕದ ಮನೆಯವರ ನಿದ್ದೆ ನೆನೆದು ಮನೆಯೊಳಗೂ ಅದನ್ನೇ ಪಾಲಿಸಿ.

ಅಜ್ಜಿ ಕೇಳುತ್ತ ಕೂತಾಗ ಒಂದು ಪೆನ್ಸಿಲ್ ಹತ್ತಿರವಿಟ್ಟುಕೊಳ್ಳಿ. ಎಷ್ಟೋ ತಟ್ಟೆಗಳ ಲೇಬಲ್ ಗೆದ್ದಲು ತಿಂದು, ನೀರು ಬಿದ್ದು ಅಳಿಸಿಹೋಗಿರುತ್ತದೆ. ಇದು ಯಾರ ಹಾಡು, ಯಾವ ನಾಟಕದ್ದು, ಮನೆಗೆ ಯಾರು ತಂದದ್ದು ಎಂದು ಕೇಳಿ, ತಟ್ಟೆಯ ಕಾಗದದ ಕವರಿನ ಮೇಲೆ ಆಗಲೇ ಬರೆದಿಡಿ.