ಸಣ್ಣ ತಿದ್ದುಪಡಿಗೆ ಸಾದಾ ಪಠ್ಯ ಸಂಪಾದಕ: ನೋಟ್‌ಪ್ಯಾಡ್ ಬಳಕೆಯ ಕ್ರಮ

ಫಲಾನುಭವಿಗಳ ಪಟ್ಟಿಯೊಂದರಲ್ಲಿ ಒಬ್ಬರ ಹೆಸರಿನ ಒಂದೇ ಅಕ್ಷರ ತಪ್ಪಾಗಿರುತ್ತದೆ. ಪಟ್ಟಿಯನ್ನು ಸಂಜೆಯೊಳಗೆ ತಾಲ್ಲೂಕು ಪಂಚಾಯತಿಗೆ ಕಳುಹಿಸಬೇಕಾಗಿರುತ್ತದೆ. ಗ್ರಾಮ ಪಂಚಾಯತಿಯ ಡಾಟಾ ಎಂಟ್ರಿ ಆಪರೇಟರ್ ಸಿಎಸ್‌ವಿ ಕಡತದ ಮೇಲೆ ಎರಡು ಬಾರಿ ಕ್ಲಿಕ್ ಮಾಡುತ್ತಾರೆ. ಅದು ಎಕ್ಸೆಲ್‌ನಲ್ಲಿ ತೆರೆದುಕೊಳ್ಳುತ್ತದೆ. ಅಕ್ಷರವನ್ನು ತಿದ್ದಿ, ಉಳಿಸಿ, ಕಳುಹಿಸುತ್ತಾರೆ. ಹೆಸರು ಈಗ ಸರಿಯಾಗಿದೆ. ಆದರೆ ಯಾರೂ ಮುಟ್ಟದ ಬೇರೆ ಸಾಲುಗಳಲ್ಲಿ ಬ್ಯಾಂಕ್ ಖಾತೆ ಸಂಖ್ಯೆಗಳು ಮೊಟಕಾಗಿರುತ್ತವೆ, ಸರ್ವೆ ನಂಬರುಗಳು ದಿನಾಂಕಗಳಾಗಿ ಮಾರ್ಪಟ್ಟಿರುತ್ತವೆ. ಒಬ್ಬರ ಹೆಸರು ಸರಿಯಾದ ದಿನವೇ ಹಲವರ ಹಣ ತಡೆಹಿಡಿಯಲ್ಪಡುವ ಸಂದರ್ಭ ಹೀಗೆ ಒದಗುತ್ತದೆ.

ಇಂತಹ ಸಣ್ಣ ತಿದ್ದುಪಡಿಗೆ ದೊಡ್ಡ ತಂತ್ರಾಂಶದ ಅಗತ್ಯವಿಲ್ಲ. ವಿಂಡೋಸ್ ಇರುವ ಪ್ರತಿಯೊಂದು ಗಣಕಯಂತ್ರದಲ್ಲಿಯೂ ನೋಟ್‌ಪ್ಯಾಡ್ ಎಂಬ ಸಾದಾ ಪಠ್ಯ ಸಂಪಾದಕ ಇದ್ದೇ ಇರುತ್ತದೆ. 1985ರಲ್ಲಿ ಬಿಡುಗಡೆಯಾದ ವಿಂಡೋಸ್‌ನ ಮೊದಲ ಆವೃತ್ತಿಯಿಂದಲೂ ಅದು ಜೊತೆಯಲ್ಲಿ ಬಂದಿದೆ. ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕಿಲ್ಲ, ಅಂತರ್ಜಾಲ ಸಂಪರ್ಕವೂ ಬೇಕಿಲ್ಲ. ಹಳೆಯ ಯಂತ್ರದಲ್ಲಿಯೂ ಕ್ಷಣಮಾತ್ರದಲ್ಲಿ ತೆರೆದುಕೊಳ್ಳುತ್ತದೆ.

ಎಕ್ಸೆಲ್‌ನಲ್ಲಿ ಆಗುವುದೇನು?

ಸಿಎಸ್‌ವಿ ಕಡತವೆಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಠ್ಯ. ಒಂದು ಸಾಲು ಒಬ್ಬ ಫಲಾನುಭವಿಯ ವಿವರ. ಎರಡು ಅಲ್ಪವಿರಾಮಗಳ ನಡುವಿನದು ಒಂದು ಅಂಕಣ. ಯಾವ ಅಂಕಣದಲ್ಲಿ ಏನಿದೆ ಎಂಬ ಸೂಚನೆ ಕಡತದೊಳಗೆ ಇರುವುದಿಲ್ಲ. ಎಕ್ಸೆಲ್ ಲೆಕ್ಕ ಮಾಡುವುದಕ್ಕಾಗಿ ರೂಪಿಸಿದ ತಂತ್ರಾಂಶವಾದುದರಿಂದ ಅಂಕಿಗಳನ್ನು ಕಂಡಲ್ಲೆಲ್ಲ ಅದು ಮೊತ್ತವೆಂದು ಅಥವಾ ದಿನಾಂಕವೆಂದು ಊಹಿಸುತ್ತದೆ. ಖಾತೆ ಸಂಖ್ಯೆಯಾಗಲಿ ಸರ್ವೆ ನಂಬರಾಗಲಿ ಕೂಡಿ ಕಳೆಯುವ ಮೊತ್ತವಲ್ಲ. ಅಂಕಿಗಳಲ್ಲಿ ಬರೆದ ಗುರುತು. ಈ ವ್ಯತ್ಯಾಸ ತಂತ್ರಾಂಶಕ್ಕೆ ತಿಳಿಯದು. ಅದರ ಪರಿಣಾಮಗಳು ಹೀಗಿವೆ:

1. ಮೊದಲಿನ ಸೊನ್ನೆಗಳು ಬಿದ್ದುಹೋಗುತ್ತವೆ. 00012345678 ಎಂಬ 11 ಅಂಕಿಗಳ ಖಾತೆ ಸಂಖ್ಯೆ 12345678 ಎಂಬ 8 ಅಂಕಿಗಳ ಸಂಖ್ಯೆಯಾಗುತ್ತದೆ.

2. 12 ಅಂಕಿಗಳ ಆಧಾರ್ ಸಂಖ್ಯೆಯಂತಹ ದೀರ್ಘ ಸಂಖ್ಯೆ ಸಂಕ್ಷಿಪ್ತ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. 123456789012 ಎಂಬುದು 1.23457ಇ+11 ಎಂದಾಗುತ್ತದೆ. ಅದೇ ಸ್ಥಿತಿಯಲ್ಲಿ ಸಿಎಸ್‌ವಿಯಾಗಿ ಉಳಿಸಿದರೆ ಪರದೆಯ ಮೇಲೆ ಕಂಡಂತೆಯೇ ಕಡತದೊಳಗೂ ಬರೆಯಲ್ಪಡುತ್ತದೆ. ಉಳಿದ ಅಂಕಿಗಳು ಶಾಶ್ವತವಾಗಿ ನಷ್ಟವಾಗುತ್ತವೆ.

3. 15ಕ್ಕಿಂತ ಹೆಚ್ಚು ಅಂಕಿಗಳಿರುವ ಸಂಖ್ಯೆಯಲ್ಲಿ 16ನೆಯ ಅಂಕಿಯಿಂದ ಮುಂದಿನವೆಲ್ಲ ಸೊನ್ನೆಗಳಾಗುತ್ತವೆ.

4. ಸರ್ವೆ ನಂಬರ್ 7/4 ಏಪ್ರಿಲ್ 7ನೆಯ ದಿನಾಂಕವಾಗುತ್ತದೆ. ಅದೇ ಅಂಕಣದ 45/2ಬ ಎಂಬುದರಲ್ಲಿ ಅಕ್ಷರವಿರುವುದರಿಂದ ಅದು ಹಾಗೆಯೇ ಉಳಿಯುತ್ತದೆ. ಕೆಲವು ಸಾಲುಗಳು ಮಾತ್ರ ಕೆಡುವುದರಿಂದ ಮೇಲ್ನೋಟದ ಪರಿಶೀಲನೆಯಲ್ಲಿ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ನೋಟ್‌ಪ್ಯಾಡ್ ಯಾವ ಊಹೆಯನ್ನೂ ಮಾಡುವುದಿಲ್ಲ. ಸೊನ್ನೆ ಸೊನ್ನೆಯಾಗಿಯೇ, ಓರೆಗೆರೆ ಓರೆಗೆರೆಯಾಗಿಯೇ ಕಾಣುತ್ತದೆ. ಒಂದು ಅಕ್ಷರ ತಿದ್ದಿದರೆ ಆ ಒಂದು ಅಕ್ಷರ ಮಾತ್ರ ಬದಲಾಗುತ್ತದೆ.

ತಿದ್ದುಪಡಿಯ ಹಂತಗಳು

ಮೊದಲನೆಯದಾಗಿ, ಕಡತದ ಒಂದು ಪ್ರತಿಯನ್ನು ಆ ದಿನದ ದಿನಾಂಕ ಸೇರಿಸಿದ ಹೆಸರಿನಲ್ಲಿ ತೆಗೆದಿಡತಕ್ಕದ್ದು. ವಿಂಡೋಸ್ 10ರವರೆಗಿನ ನೋಟ್‌ಪ್ಯಾಡ್‌ನಲ್ಲಿ ಕೊನೆಯ ಒಂದು ಬದಲಾವಣೆಯನ್ನು ಮಾತ್ರ ಹಿಂದಕ್ಕೆ ಪಡೆಯಲು ಸಾಧ್ಯ. ಆದುದರಿಂದ ಈ ಹಂತವನ್ನು ಎಂದಿಗೂ ಬಿಡಬಾರದು.

ಎರಡನೆಯದಾಗಿ, ಕಡತದ ಮೇಲೆ ಎರಡು ಬಾರಿ ಕ್ಲಿಕ್ ಮಾಡದೆ, ಮೌಸ್‌ನ ಬಲಗುಂಡಿ ಒತ್ತಿ, ‘ಓಪನ್ ವಿತ್’ ಎಂಬಲ್ಲಿ ನೋಟ್‌ಪ್ಯಾಡ್ ಆಯ್ದುಕೊಳ್ಳಬೇಕು. ‘ವರ್ಡ್ ವ್ರಾಪ್’ ಆಯ್ಕೆಯನ್ನು ತೆಗೆದುಹಾಕಿದರೆ ಒಬ್ಬ ಫಲಾನುಭವಿಯ ವಿವರ ಒಂದೇ ಸಾಲಿನಲ್ಲಿ ನೇರವಾಗಿ ಕಾಣುತ್ತದೆ.

ಮೂರನೆಯದಾಗಿ, ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಬೇಕಾದ ಸಾಲನ್ನು ಹುಡುಕಬೇಕು. ಒಂದೇ ಗ್ರಾಮದಲ್ಲಿ ಒಂದೇ ಹೆಸರಿನವರು ಹಲವರಿರುವುದು ಸಾಮಾನ್ಯ. ಆದುದರಿಂದ ಹೆಸರಿನಿಂದ ಹುಡುಕುವುದಕ್ಕಿಂತ ನೋಂದಣಿ ಸಂಖ್ಯೆಯಿಂದ ಹುಡುಕಿ, ತಂದೆ ಅಥವಾ ಗಂಡನ ಹೆಸರನ್ನು ಹೋಲಿಸಿ ನೋಡಿದ ಬಳಿಕವೇ ತಿದ್ದುವುದು ಸೂಕ್ತ.

ನಾಲ್ಕನೆಯದಾಗಿ, ತಿದ್ದುಪಡಿಯನ್ನು ಎರಡು ಅಲ್ಪವಿರಾಮಗಳ ನಡುವೆಯೇ ಮಾಡಬೇಕು. ವಿಳಾಸ ಬರೆಯುವಾಗ ಅಭ್ಯಾಸಬಲದಿಂದ ಒಂದು ಅಲ್ಪವಿರಾಮ ಸೇರಿಸಿದರೂ ಆ ಸಾಲಿನ ಮುಂದಿನ ಅಂಕಣಗಳೆಲ್ಲ ಒಂದು ಸ್ಥಾನ ಸರಿದು, ಖಾತೆ ಸಂಖ್ಯೆಯ ಜಾಗಕ್ಕೆ ಬೇರೊಂದು ವಿವರ ಬಂದು ಕೂರುತ್ತದೆ. ಈಗಾಗಲೇ ಉದ್ಧರಣ ಚಿಹ್ನೆಗಳಿದ್ದರೆ ಅವುಗಳನ್ನು ಅಳಿಸಬಾರದು.

ಐದನೆಯದಾಗಿ, ಉಳಿಸಿ, ಮುಚ್ಚಿ, ನೋಟ್‌ಪ್ಯಾಡ್‌ನಲ್ಲಿಯೇ ಮತ್ತೊಮ್ಮೆ ತೆರೆದು ನೋಡಬೇಕು. ಕಂಟ್ರೋಲ್ ಮತ್ತು ಎಂಡ್ ಕೀಲಿಗಳನ್ನು ಒತ್ತಿದರೆ ಕಡತದ ಕೊನೆ ದೊರೆಯುತ್ತದೆ. ಕೆಳಗಿನ ಪಟ್ಟಿಯಲ್ಲಿ ಕಾಣುವ ಸಾಲಿನ ಸಂಖ್ಯೆ ಹಳೆಯ ಪ್ರತಿಯಲ್ಲಿರುವಷ್ಟೇ ಇದ್ದರೆ ಯಾವ ಸಾಲೂ ಅಳಿದಿಲ್ಲವೆಂದು ತಿಳಿಯಬಹುದು.

ಒಂದೇ ಬಾರಿಗೆ ಎಲ್ಲ ಕಡೆ ಬದಲಾಯಿಸುವ ‘ರಿಪ್ಲೇಸ್ ಆಲ್’ ಸೌಲಭ್ಯವನ್ನು ವಿವೇಚನೆಯಿಂದ ಬಳಸಬೇಕು. ವಾರ್ಡ್ ಸಂಖ್ಯೆಯನ್ನು ಬದಲಾಯಿಸಲೆಂದು 12 ಇದ್ದಲ್ಲೆಲ್ಲ 21 ಎಂದು ಮಾಡಿದರೆ, ಖಾತೆ ಸಂಖ್ಯೆಗಳ ನಡುವೆ ಇರುವ 12 ಕೂಡ 21 ಆಗುತ್ತದೆ. ಐಎಫ್‌ಎಸ್‌ಸಿ ಸಂಕೇತದ ತಪ್ಪುಗಳನ್ನು ಸಹ ಒಂದೊಂದಾಗಿಯೇ ತಿದ್ದಬೇಕು. 11 ಸ್ಥಾನಗಳ ಆ ಸಂಕೇತದಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ ‘ಒ’ ಅಕ್ಷರ ಬಿದ್ದಿದ್ದರೆ ಬರಿಗಣ್ಣಿಗೆ ವ್ಯತ್ಯಾಸ ತಿಳಿಯದಿದ್ದರೂ ಬ್ಯಾಂಕಿನ ತಂತ್ರಾಂಶ ಅದನ್ನು ಒಪ್ಪುವುದಿಲ್ಲ.

ಕನ್ನಡ ಅಕ್ಷರಗಳ ರಕ್ಷಣೆ

ಕನ್ನಡ ಪಠ್ಯವಿರುವ ಕಡತವನ್ನು ಉಳಿಸುವಾಗ ‘ಎನ್‌ಕೋಡಿಂಗ್’ ಎಂಬ ಆಯ್ಕೆಯತ್ತ ಗಮನ ಅಗತ್ಯ. ಅಲ್ಲಿ ‘ಯುಟಿಎಫ್-8’ ಇರಬೇಕು; ‘ಎಎನ್‌ಎಸ್‌ಐ’ ಇರಬಾರದು. ‘ಗ್ರಾಮ’ ಎಂಬ ಪದವು ಯುನಿಕೋಡ್‌ನಲ್ಲಿ ಗ, ವಿರಾಮ ಚಿಹ್ನೆ, ರ, ಆಕಾರದ ಚಿಹ್ನೆ, ಮ ಎಂಬ 5 ಸಂಕೇತಗಳಾಗಿ ಉಳಿಯುತ್ತದೆ. ಎಎನ್‌ಎಸ್‌ಐ ಪಟ್ಟಿಯಲ್ಲಿ ಕನ್ನಡಕ್ಕೆ ಸ್ಥಾನವಿಲ್ಲದ ಕಾರಣ ಈ ಐದೂ ಪ್ರಶ್ನಾರ್ಥಕ ಚಿಹ್ನೆಗಳಾಗಿ, ಪದವು ‘?????’ ಎಂದಾಗುತ್ತದೆ. ಹಾಗೆ ಉಳಿಸುವ ಮೊದಲು ನೋಟ್‌ಪ್ಯಾಡ್ ಇಂಗ್ಲಿಷಿನಲ್ಲಿ ಎಚ್ಚರಿಕೆ ತೋರಿಸುತ್ತದೆ. ಅವಸರದಲ್ಲಿ ‘ಓಕೆ’ ಒತ್ತಿ, ಕಡತವನ್ನು ಮುಚ್ಚಿದ ಮೇಲೆ ಆ ಹೆಸರುಗಳನ್ನು ಯಾವ ತಂತ್ರಾಂಶವೂ ಮರಳಿಸಲಾರದು. 2019ರ ವಿಂಡೋಸ್ 10 ಪರಿಷ್ಕರಣೆಯಿಂದ ಹೊಸ ಕಡತಗಳಿಗೆ ಯುಟಿಎಫ್-8 ತಾನಾಗಿಯೇ ಅನ್ವಯಿಸುತ್ತದೆ; ಅದಕ್ಕಿಂತ ಹಳೆಯ ಯಂತ್ರಗಳಲ್ಲಿ ಪ್ರತಿ ಬಾರಿಯೂ ನೋಡಿ ಆಯ್ದುಕೊಳ್ಳಬೇಕು.

ಹಳೆಯ ನುಡಿ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕಡತ ಕೆಟ್ಟಿದೆಯೆಂದು ಭಾವಿಸಿ ಅವುಗಳನ್ನು ಅಳಿಸಬಾರದು. ನುಡಿ ತಂತ್ರಾಂಶದ ಪರಿವರ್ತಕದ ಮೂಲಕ ಯುನಿಕೋಡ್‌ಗೆ ಬದಲಾಯಿಸಿಕೊಂಡ ನಂತರವೇ ತಿದ್ದಬೇಕು.

ಹೊಸ ಕಡತವನ್ನು ಉಳಿಸುವಾಗ ‘ಸೇವ್ ಆ್ಯಸ್ ಟೈಪ್’ ಎಂಬಲ್ಲಿ ‘ಆಲ್ ಫೈಲ್ಸ್’ ಆಯ್ಕೆ ಮಾಡದಿದ್ದರೆ ಸಿಎಸ್‌ವಿ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಎಂಬ ಬಾಲ ಸೇರಿಕೊಳ್ಳುವ ಸಂಭವವಿದೆ. ಅಂತಹ ಕಡತವನ್ನು ಜಾಲತಾಣ ಸ್ವೀಕರಿಸದೆ ಇರಬಹುದು.

ತಿದ್ದಬಾರದ ಕಡತಗಳು

ನೋಟ್‌ಪ್ಯಾಡ್‌ನಲ್ಲಿ ತೆರೆದುಕೊಳ್ಳುತ್ತದೆ ಎಂಬ ಕಾರಣಕ್ಕೆ ಯಾವ ಕಡತವನ್ನಾದರೂ ತಿದ್ದಬಹುದೆಂದಲ್ಲ. ಡಿಜಿಟಲ್ ಸಹಿ ಇರುವ ಎಕ್ಸ್‌ಎಂಎಲ್ ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಸಹಿ ಅಮಾನ್ಯವಾಗುತ್ತದೆ. ವರ್ಡ್, ಎಕ್ಸೆಲ್ ಮತ್ತು ಪಿಡಿಎಫ್ ಕಡತಗಳು ಸಾದಾ ಪಠ್ಯವಲ್ಲ. ಅವುಗಳನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಉಳಿಸಿದರೆ ಬಳಕೆಗೆ ಬಾರದಂತಾಗುತ್ತವೆ. ಮೊತ್ತ ಕೂಡುವುದು, ಅಂಕಣಗಳನ್ನು ವಿಂಗಡಿಸುವುದು ಮುಂತಾದವು ಎಕ್ಸೆಲ್‌ನ ಕೆಲಸವೇ. ಆಗ ‘ಡಾಟಾ’ ವಿಭಾಗದಿಂದ ಪಠ್ಯ ಕಡತವನ್ನು ಆಮದು ಮಾಡಿಕೊಂಡು, ಖಾತೆ ಸಂಖ್ಯೆ, ಆಧಾರ್ ಮತ್ತು ಸರ್ವೆ ನಂಬರಿನ ಅಂಕಣಗಳನ್ನು ‘ಟೆಕ್ಸ್ಟ್’ ಎಂದು ಗುರುತಿಸಿದರೆ ಮೇಲೆ ಹೇಳಿದ ಹಾನಿ ತಪ್ಪುತ್ತದೆ.

ವೈಯಕ್ತಿಕ ವಿವರಗಳ ವಿಷಯದಲ್ಲಿಯೂ ಎಚ್ಚರಿಕೆ ಇರಲಿ. ವಿಂಡೋಸ್ 11ರ ನೋಟ್‌ಪ್ಯಾಡ್ ಉಳಿಸದೆ ಬಿಟ್ಟ ಪಠ್ಯವನ್ನೂ ನೆನಪಿನಲ್ಲಿಟ್ಟುಕೊಂಡು ಮುಂದಿನ ಬಾರಿ ತೆರೆದಾಗ ತೋರಿಸಬಲ್ಲದು. ಹಲವರು ಬಳಸುವ ಯಂತ್ರದಲ್ಲಿ ಕೆಲಸ ಮುಗಿದೊಡನೆ ಆಧಾರ್ ಅಥವಾ ಖಾತೆ ಸಂಖ್ಯೆಗಳಿರುವ ಪುಟವನ್ನು ಮುಚ್ಚಬೇಕು. ಪಾಸ್‌ವರ್ಡ್‌ಗಳನ್ನು ಇಂತಹ ಕಡತಗಳಲ್ಲಿ ಬರೆದಿಡಬಾರದು.

ತಿದ್ದುಪಡಿಯ ದಾಖಲೆ

ಯಾವ ದಿನ, ಯಾವ ಸಾಲಿನಲ್ಲಿ, ಏನಿದ್ದುದನ್ನು ಏನೆಂದು ತಿದ್ದಲಾಯಿತು ಎಂಬುದನ್ನು ಬರೆದಿಡಲು ನೋಟ್‌ಪ್ಯಾಡ್‌ನಲ್ಲಿಯೇ ಅನುಕೂಲವಿದೆ. ಎಫ್5 ಕೀಲಿ ಒತ್ತಿದರೆ ಆ ಕ್ಷಣದ ದಿನಾಂಕ ಮತ್ತು ಸಮಯ ಮೂಡುತ್ತವೆ. ಪ್ರತ್ಯೇಕ ಪಠ್ಯ ಕಡತವೊಂದನ್ನು ಇದಕ್ಕಾಗಿ ಇರಿಸಿಕೊಂಡು, ಪ್ರತಿ ತಿದ್ದುಪಡಿಗೆ ಒಂದು ಸಾಲು ಬರೆದರೆ ಮುಂದೆ ಲೆಕ್ಕಪರಿಶೋಧನೆಯಲ್ಲಿ ಪ್ರಶ್ನೆ ಬಂದಾಗ ಉತ್ತರ ಸಿದ್ಧವಿರುತ್ತದೆ.

ಪಟ್ಟಿಯ ಕಡತವು ಮೂಲ ದಾಖಲೆಯ ಪ್ರತಿಯಷ್ಟೇ. ಕಡತದಲ್ಲಿ ಅಕ್ಷರ ತಿದ್ದಿದ ಮಾತ್ರಕ್ಕೆ ವಹಿಯಲ್ಲಾಗಲಿ ಜಾಲತಾಣದಲ್ಲಾಗಲಿ ಇರುವ ಹೆಸರು ಸರಿಯಾಗುವುದಿಲ್ಲ. ಮುಂದಿನ ತಿಂಗಳ ಪಟ್ಟಿಯಲ್ಲಿ ಅದೇ ತಪ್ಪು ಮರಳಿ ಬರುತ್ತದೆ. ಆದುದರಿಂದ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ಗಮನಕ್ಕೆ ತಂದು, ಮೂಲ ದಾಖಲೆಯನ್ನು ನಿಯಮಾನುಸಾರ ಸರಿಪಡಿಸಿ, ಅನಂತರ ಕಡತವನ್ನು ಅದಕ್ಕೆ ಹೊಂದಿಸುವುದು ಸರಿಯಾದ ಕ್ರಮ.