ಅಂದೋಲಾಕ್ಕೆ ಬರುವ ದನದ ಡಾಕ್ಟರು: ಎಲ್ಲಿಂದ ಬಂದರು, ಎಲ್ಲಿಗೆ ಹೋಗುವರು?

ಕಲಬುರಗಿಯಿಂದ ದಕ್ಷಿಣಕ್ಕೆ ಹೊರಟು ಭೀಮಾ ನದಿ ದಾಟಿದರೆ ಜೇವರ್ಗಿ ಸೀಮೆ. ಅಲ್ಲಿನ ಅಂದೋಲಾ ಇಂದು ಹೋಬಳಿಯ ಊರಾದರೂ, ನಿಜಾಮರ ಆಳ್ವಿಕೆಯಲ್ಲಿ ಗುಲಬರ್ಗಾ ಜಿಲ್ಲೆಯ ಒಂದು ತಾಲ್ಲೂಕಿಗೇ ಹೆಸರು ಕೊಟ್ಟಿತ್ತು. ಎರೆ ಭೂಮಿ, ತೊಗರಿ, ಹತ್ತಿ, ಬಿಳಿಜೋಳ; ಕಾರಹುಣ್ಣಿಮೆಗೆ ಸಿಂಗಾರಗೊಳ್ಳುವ ಎತ್ತು, ಮನೆಯ ಹಾಲಿಗೊಂದು ಎಮ್ಮೆ, ಊರ ಹೊರಗೆ ಕುರಿಹಟ್ಟಿ. ಇಂತಹ ಊರಿನಲ್ಲಿ ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದ ರಾತ್ರಿ, ತೋಳಿನವರೆಗೆ ಕೈಗವಸು ತೊಟ್ಟು ಕರುವನ್ನು ನೇರ ಮಾಡಿ ಹೊರತೆಗೆಯಬಲ್ಲ ಒಬ್ಬ ವೈದ್ಯ ಬೇಕು. ಅವನು ಬಾರದಿದ್ದರೆ ಎಮ್ಮೆಯೂ ಇಲ್ಲ, ಕರುವೂ ಇಲ್ಲ, ಆ ವರ್ಷದ ಹಾಲಿನ ಆದಾಯವೂ ಇಲ್ಲ.

ಆ ವೈದ್ಯ ಯಾರು? ಯಾವ ಮನೆಯಿಂದ ಬಂದವನು, ಎಲ್ಲಿ ಓದಿದವನು, ಇಲ್ಲಿ ಎಷ್ಟು ದಿನ ಇರುತ್ತಾನೆ, ಇಲ್ಲಿಂದ ಎಲ್ಲಿಗೆ ಹೋಗುತ್ತಾನೆ? ರಾಜ್ಯದ ಪಶುವೈದ್ಯರ ಸಂಘಟನೆಯೊಳಗೆ ದಶಕಗಳಿಂದ ನಡೆದಿರುವ ಬಡ್ತಿ, ವೇತನ, ಹುದ್ದೆಗಳ ಚರ್ಚೆ ನಗರದ ಓದುಗರಿಗೆ ನೌಕರರ ಮಾಮೂಲು ಅಹವಾಲಿನಂತೆ ಕಂಡೀತು. ಆದರೆ ಅಂದೋಲಾದ ಕೊಟ್ಟಿಗೆಗೆ ಯಾರು ಬರುತ್ತಾರೆ ಎಂಬುದನ್ನು ತೀರ್ಮಾನಿಸುವುದು ಆ ಚರ್ಚೆಯೇ.

ಸಲೋತ್ರಿಯಿಂದ ಪದವೀಧರನವರೆಗೆ

ಪಶುವೈದ್ಯ ಈ ಸೀಮೆಗೆ ಹೊಸ ವಿದ್ಯೆಯೇನಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ತಮ್ಮ ಕೀರ್ತಿವರ್ಮ 12ನೇ ಶತಮಾನದ ಆರಂಭದ ವೇಳೆಗೆ ಕನ್ನಡದಲ್ಲಿ ‘ಗೋವೈದ್ಯ’ವನ್ನು ರಚಿಸಿದ. ಬಸವಕಲ್ಯಾಣ ಇಂದಿನ ಬೀದರ್ ಜಿಲ್ಲೆಯಲ್ಲಿದೆ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರಸ್ಥಾನವೂ ಅದೇ ಜಿಲ್ಲೆಯಲ್ಲಿರುವುದು ಕಾಕತಾಳೀಯವೇ ಇರಬಹುದು, ಆದರೆ ಸೊಗಸಾದ ಕಾಕತಾಳೀಯ. ಕುದುರೆಯ ವೈದ್ಯಕ್ಕೆ ಮೂಲಪುರುಷನೆನಿಸಿದ ಶಾಲಿಹೋತ್ರನ ಹೆಸರಿನಿಂದ ಹುಟ್ಟಿದ ‘ಸಲೋತ್ರಿ’ ಎಂಬ ಪದ ಉತ್ತರದ ಸೈನ್ಯಗಳಲ್ಲಿಯೂ ಉರ್ದು ಬಲ್ಲ ಆಡಳಿತಗಳಲ್ಲಿಯೂ ಪಶುವೈದ್ಯನನ್ನು ಸೂಚಿಸುತ್ತಿತ್ತು.

ಆಧುನಿಕ ಶಿಕ್ಷಣ ಬಂದದ್ದು ಸೈನ್ಯದ ಕುದುರೆಗಳಿಗಾಗಿ ಮತ್ತು ದನಗಳ ಮಹಾಮಾರಿಗೆ ಹೆದರಿ. ಲಾಹೋರಿನಲ್ಲಿ 1882, ಮುಂಬೈಯಲ್ಲಿ 1886, ಮದರಾಸಿನಲ್ಲಿ 1903: ಪಶುವೈದ್ಯ ಕಾಲೇಜುಗಳು ತೆರೆದ ಕ್ರಮವಿದು. ಹೈದರಾಬಾದ್ ಸಂಸ್ಥಾನದಲ್ಲಿ ಕಾಲೇಜು ಆರಂಭವಾಗಲು 1946 ಬರಬೇಕಾಯಿತು. ಹೀಗಾಗಿ ಇಂದಿನ ಕರ್ನಾಟಕದ ಮೊದಲ ತಲೆಮಾರಿನ ಪಶುವೈದ್ಯರು ತಮ್ಮ ತಮ್ಮ ಪ್ರಾಂತಕ್ಕೆ ಅನುಗುಣವಾಗಿ ಹೊರಗಿನ ಊರುಗಳಲ್ಲಿ ಕಲಿತವರು. 1956ರ ಏಕೀಕರಣದಲ್ಲಿ ಮುಂಬೈ, ಹೈದರಾಬಾದ್, ಮದರಾಸು, ಕೊಡಗು ಮತ್ತು ಮೈಸೂರಿನ ಸೇವೆಗಳಿಂದ ಬಂದ ವೈದ್ಯರು ಒಂದೇ ಇಲಾಖೆಯ ನೆರಳಿಗೆ ಸೇರಿದರು. ಎರಡು ವರ್ಷಗಳ ನಂತರ, 1958ರಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು.

ಮುಂದಿನ 27 ವರ್ಷ ಹೆಬ್ಬಾಳವೊಂದೇ ದಿಕ್ಕು. ಅಂದೋಲಾದ ಹುಡುಗ ಪಶುವೈದ್ಯನಾಗಬೇಕಾದರೆ ರಾಜ್ಯದ ಇನ್ನೊಂದು ತುದಿಗೆ ಹೋಗಬೇಕಿತ್ತು. ದಕ್ಷಿಣದಿಂದ ಆಯ್ಕೆಯಾಗಿ ಗುಲಬರ್ಗಾಕ್ಕೆ ನೇಮಕಗೊಂಡ ವೈದ್ಯನಿಗೋ, ಇಲ್ಲಿನ ಬಿಸಿಲು ಮತ್ತು ಭಾಷೆಯ ಬಿರುಸು ಎರಡೂ ಹೊಸವು. ಬಂದ ವಾರದಿಂದಲೇ ಊರಿನ ಕಡೆಗೆ ವರ್ಗಾವಣೆಯ ಅರ್ಜಿ ಸಿದ್ಧ. ಬೀದರಿನಲ್ಲಿ 1985ರಲ್ಲಿ ಕಾಲೇಜು ತೆರೆದದ್ದು ಈ ಕಾರಣಕ್ಕೆ ಸಣ್ಣ ಘಟನೆಯಲ್ಲ. 2004ರ ಕಾಯ್ದೆಯಿಂದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ರೂಪುಗೊಂಡು ಬೀದರವೇ ಅದರ ಕೇಂದ್ರವಾಯಿತು. ಹಾಸನ, ಶಿವಮೊಗ್ಗ, ಗದಗ, ಅಥಣಿಗಳು ಆನಂತರ ಸೇರಿಕೊಂಡವು.

ತರಗತಿಯಲ್ಲಿ ಕುಳಿತವರು

ಈ ಕಾಲೇಜುಗಳ ವಿದ್ಯಾರ್ಥಿಗಳನ್ನು ಎರಡು ಬಗೆಯಾಗಿ ನೋಡಬಹುದು. ಜೀವಶಾಸ್ತ್ರ ಓದಿ, ಎಂಬಿಬಿಎಸ್ ಸೀಟಿಗಾಗಿ ಕಾದು, ಅದು ಕೈತಪ್ಪಿದ ಮೇಲೆ ಇಲ್ಲಿಗೆ ಬಂದವರು ಒಂದು ಬಗೆ. ಈ ಮಾತನ್ನು ಹಿರಿಯ ಪಶುವೈದ್ಯರೂ ಮರೆಮಾಚುವುದಿಲ್ಲ. ಇನ್ನೊಂದು ಬಗೆ, ಕೊಟ್ಟಿಗೆಯಿರುವ ಮನೆಯಿಂದ ಬಂದವರು. ಇವರಿಗಾಗಿ ಕರ್ನಾಟಕದಲ್ಲಿ ಕೃಷಿಕ ಕೋಟಾ ಎಂಬ ವಿಶಿಷ್ಟ ವ್ಯವಸ್ಥೆಯುಂಟು. ರೈತರ ಮಕ್ಕಳು ಸಾಮಾನ್ಯ ಪ್ರವೇಶ ಪರೀಕ್ಷೆಯ ಜತೆಗೆ ಪ್ರಾಯೋಗಿಕ ಪರೀಕ್ಷೆಯೊಂದನ್ನೂ ಎದುರಿಸಿ ಕೃಷಿಯ ಪರಿಚಯವನ್ನು ಸಾಬೀತುಪಡಿಸಬೇಕು. ಶೇ 15ರಷ್ಟು ಅಖಿಲ ಭಾರತ ಕೋಟಾದ ಸೀಟುಗಳು ನೀಟ್ ಮೂಲಕ ಭರ್ತಿಯಾಗುತ್ತವೆ. ಒಂದು ಕಾಲಕ್ಕೆ ಬಹುಪಾಲು ಗಂಡಸರದೇ ಆಗಿದ್ದ ತರಗತಿಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಈಚಿನ ದಶಕಗಳಲ್ಲಿ ಗಣನೀಯವಾಗಿ ಏರಿದೆ. ಅವರು ಹಳ್ಳಿಯ ನೇಮಕಕ್ಕೆ ಬಂದಾಗ ವಸತಿಗೃಹ, ಶೌಚಾಲಯ, ರಾತ್ರಿಯ ಕರೆಗೆ ವಾಹನ ಇವೆಯೇ ಎಂಬ ಪ್ರಶ್ನೆಗಳಿಗೆ ಹಳೆಯ ದನದ ದವಾಖಾನೆಗಳ ಕಟ್ಟಡಗಳಲ್ಲಿ ಉತ್ತರವಿಲ್ಲ.

ಪದವಿಗೆ ನಾಲ್ಕೂವರೆ ವರ್ಷದ ಪಾಠ, ಒಂದು ವರ್ಷದ ತರಬೇತಿ. ಒಟ್ಟು ಐದೂವರೆ ವರ್ಷ. ಮನುಷ್ಯರ ವೈದ್ಯನಾಗಲು ಬೇಕಾದಷ್ಟೇ ಕಾಲ. ವ್ಯತ್ಯಾಸವೆಂದರೆ ಇಲ್ಲಿ ರೋಗಿಗಳ ಜಾತಿ ಒಂದಲ್ಲ, ಮತ್ತು ಯಾವ ರೋಗಿಯೂ ನೋವು ಎಲ್ಲಿದೆಯೆಂದು ಹೇಳುವುದಿಲ್ಲ.

ಕಲ್ಯಾಣ ಕರ್ನಾಟಕದ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಸಂವಿಧಾನದ 371ಜೆ ವಿಧಿ. 2012ರ ಕೊನೆಯಲ್ಲಿ ಸಂಸತ್ತು ಒಪ್ಪಿ, 2013ರಲ್ಲಿ ಜಾರಿಗೆ ಬಂದ ಈ ವಿಧಿಯ ಅನ್ವಯ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸ್ಥಾನಗಳು ಸ್ಥಳೀಯರಿಗೆ ಮೀಸಲಾದವು. ಉದ್ಯೋಗದಲ್ಲಿಯೂ ಪ್ರದೇಶಕ್ಕೆ ಪ್ರತ್ಯೇಕ ಸ್ಥಳೀಯ ವೃಂದ ರಚನೆಯಾಗಿ, ಪಶುವೈದ್ಯಾಧಿಕಾರಿಯಂತಹ ಹುದ್ದೆಗಳಲ್ಲಿ ಶೇ 75ರಷ್ಟು ಸ್ಥಳೀಯರ ಪಾಲಾದವು. ಬಂದ ವಾರವೇ ಹೊರಡುವ ವೈದ್ಯನ ಬದಲು, ಈ ನೆಲದಲ್ಲಿಯೇ ಬೆಳೆದು ಇಲ್ಲಿಯೇ ನಿಲ್ಲುವವನನ್ನು ತರುವ ಪ್ರಯತ್ನವಿದು. ರೈತ ‘ದನ ಮೇಯ್ತಿಲ್ರಿ’ ಎಂದು ಮಾತು ತೆಗೆದ ಧಾಟಿಯಿಂದಲೇ ಕಾಯಿಲೆ ಎಷ್ಟು ದಿನದ್ದೆಂದು ಊಹಿಸಬಲ್ಲವನು ಸಿಕ್ಕರೆ ಚಿಕಿತ್ಸೆಯ ಅರ್ಧ ಕೆಲಸ ಆದಂತೆಯೇ.

ಏಣಿ ಯಾವ ಕಡೆಗೆ ಬಾಗಿದೆ?

ಪಶುಪಾಲನಾ ಇಲಾಖೆಯ ಸೇವೆ ಆರಂಭವಾಗುವುದು ಪಶುವೈದ್ಯಾಧಿಕಾರಿ ಹುದ್ದೆಯಿಂದ. ಕೆಳಗೆ ಪ್ರಾಥಮಿಕ ಪಶುಚಿಕಿತ್ಸಾ ಕೇಂದ್ರಗಳು, ಅದರ ಮೇಲೆ ಪಶುಚಿಕಿತ್ಸಾಲಯ, ಪಶು ಆಸ್ಪತ್ರೆ, ಜಿಲ್ಲೆಗೆ ಪಾಲಿಕ್ಲಿನಿಕ್. ಹಿರಿಯ ಪಶುವೈದ್ಯಾಧಿಕಾರಿ, ಮುಖ್ಯ ಪಶುವೈದ್ಯಾಧಿಕಾರಿ ಎಂಬ ಪದನಾಮಗಳವರೆಗೆ ವೈದ್ಯನ ಕೈ ಪ್ರಾಣಿಗೆ ಹತ್ತಿರವಿರುತ್ತದೆ. ಆನಂತರ ತಾಲ್ಲೂಕಿನಲ್ಲಿ ಸಹಾಯಕ ನಿರ್ದೇಶಕ, ಜಿಲ್ಲೆಯಲ್ಲಿ ಉಪನಿರ್ದೇಶಕ, ಮುಂದೆ ಜಂಟಿ ನಿರ್ದೇಶಕ, ನಿರ್ದೇಶಕ. ಅಲ್ಲಿಂದ ಮೇಲೆ ಕಡತ, ಸಭೆ, ಗುರಿ ಮತ್ತು ಪ್ರಗತಿಯ ತಖ್ತೆಗಳದೇ ಕೆಲಸ. ಇಪ್ಪತ್ತು ವರ್ಷ ಅಡ್ಡಬಿದ್ದ ಕರುಗಳನ್ನು ತಿರುಗಿಸಿ ಪಳಗಿದ ಕೈಗೆ ದೊರೆಯುವ ಬಹುಮಾನ, ಆ ಕೆಲಸದಿಂದ ಬಿಡುಗಡೆ. ಹೊಲಿಗೆಯಲ್ಲಿ ನಿಪುಣನಾದವನಿಗೆ ಅಂಗಡಿಯ ಲೆಕ್ಕ ಬರೆಯಲು ಹೇಳಿದಂತೆ ಇದು.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಬಡ್ತಿ ಸಿಗದೆ ಅದೇ ಹುದ್ದೆಯಲ್ಲಿ ವರ್ಷಗಟ್ಟಲೆ ಉಳಿದವನ ಉತ್ಸಾಹವೂ ಉಳಿಯುವುದಿಲ್ಲ. ಆದ್ದರಿಂದಲೇ ದೇಶದಾದ್ಯಂತ ಪಶುವೈದ್ಯರ ಸಂಘಟನೆಗಳು ಎರಡು ಬೇಡಿಕೆಗಳನ್ನು ಬಿಟ್ಟುಕೊಟ್ಟಿಲ್ಲ: ಮನುಷ್ಯರ ವೈದ್ಯರಿಗೆ ಸಮನಾದ ವೇತನ ಮತ್ತು ಹುದ್ದೆ ಖಾಲಿಯಾಗಲಿ ಬಿಡಲಿ ಇಂತಿಷ್ಟು ವರ್ಷಕ್ಕೆ ಮೇಲಿನ ಶ್ರೇಣಿ ಕೊಡುವ ಕಾಲಮಿತಿ ಬಡ್ತಿ. ಸಮಾನ ವೇತನದ ವಾದಕ್ಕೆ 1997ರಲ್ಲಿ ವರದಿ ಕೊಟ್ಟ ಐದನೇ ಕೇಂದ್ರ ವೇತನ ಆಯೋಗ ಬಲ ತುಂಬಿತು. ಎರಡನೆಯ ಬೇಡಿಕೆ ಹೊರನೋಟಕ್ಕೆ ನೌಕರರ ಸ್ವಾರ್ಥದಂತೆ ಕಂಡರೂ ಅಂದೋಲಾದ ದೃಷ್ಟಿಯಿಂದ ಅದೇ ಹೆಚ್ಚು ಉಪಯುಕ್ತ. ಸಂಬಳ ಏರಲು ಊರು ಬಿಡಬೇಕಿಲ್ಲ ಎಂದಾದರೆ ಅನುಭವಿ ವೈದ್ಯ ಹೋಬಳಿಯಲ್ಲಿ ನಿಲ್ಲಲು ಕಾರಣವೊಂದು ದೊರೆಯುತ್ತದೆ.

ಸಂಘ ಬೇರೆ, ಪರಿಷತ್ತು ಬೇರೆ

ಇಲ್ಲಿ ಎರಡು ಸಂಸ್ಥೆಗಳನ್ನು ಬೇರ್ಪಡಿಸಿ ತಿಳಿಯಬೇಕು. ಕರ್ನಾಟಕ ಪಶುವೈದ್ಯಕೀಯ ಸಂಘ ವೃತ್ತಿಯವರು ತಾವಾಗಿ ಕಟ್ಟಿಕೊಂಡ ಸಂಘಟನೆ. ಸದಸ್ಯರಲ್ಲಿ ಹೆಚ್ಚಿನವರು ಸರ್ಕಾರಿ ಸೇವೆಯಲ್ಲಿರುವವರು. ಪರಿಷತ್ತು ಹಾಗಲ್ಲ, ಅದು ಕಾನೂನಿನ ಕೂಸು. 1984ರ ಭಾರತೀಯ ಪಶುವೈದ್ಯ ಪರಿಷತ್ತು ಕಾಯ್ದೆ ಮೊದಲು ಬಿಹಾರ, ಹರಿಯಾಣ, ಹಿಮಾಚಲ ಪ್ರದೇಶ, ಒಡಿಶಾ, ರಾಜಸ್ಥಾನಗಳ ನಿರ್ಣಯದ ಮೇಲೆ ರೂಪುಗೊಂಡು, ಇತರ ರಾಜ್ಯಗಳು ಕ್ರಮೇಣ ಅದನ್ನು ಅಳವಡಿಸಿಕೊಂಡವು. ಅದರ ಪ್ರಕಾರ ನೋಂದಣಿಯಿಲ್ಲದವರು ಪಶುವೈದ್ಯ ವೃತ್ತಿ ನಡೆಸುವಂತಿಲ್ಲ. ರಾಜ್ಯ ಪರಿಷತ್ತಿಗೆ ನೋಂದಾಯಿತ ವೈದ್ಯರು ತಮ್ಮೊಳಗಿನಿಂದ ನಾಲ್ವರನ್ನು ಚುನಾಯಿಸುತ್ತಾರೆ. ರಾಜ್ಯದ ಪಶುವೈದ್ಯ ಸಂಘಕ್ಕೂ ಒಬ್ಬ ಪ್ರತಿನಿಧಿಯನ್ನು ನಾಮಕರಣ ಮಾಡುವ ಹಕ್ಕುಂಟು. ಸಂಬಳಕ್ಕಾಗಿ ಹೋರಾಡುವ ಸಂಘಕ್ಕೂ ನಡತೆಯನ್ನು ಕಾಯುವ ಪರಿಷತ್ತಿಗೂ ಹೀಗೆ ಒಂದು ಬಾಗಿಲು ತೆರೆದಿದೆ. ಆ ಬಾಗಿಲಿನಿಂದ ವೃತ್ತಿಯ ಹಿತ ಒಳಹೋದಷ್ಟು ಸಲೀಸಾಗಿ ದನ ಸಾಕುವವನ ಹಿತವೂ ಹೋಗುತ್ತದೆಯೇ ಎಂಬುದು ಕೇಳಬೇಕಾದ ಪ್ರಶ್ನೆ, ಏಕೆಂದರೆ ದನ ಸಾಕುವವನಿಗೆಂದೇ ಮೀಸಲಾದ ಸ್ಥಾನ ಪರಿಷತ್ತಿನಲ್ಲಿಲ್ಲ.

ಕಾಯ್ದೆಯ ಇನ್ನೊಂದು ಅಂಶ ಅಂದೋಲಾದಂತಹ ಊರಿಗೆ ನೇರವಾಗಿ ತಟ್ಟುತ್ತದೆ. ಡಿಪ್ಲೊಮಾ ಅಥವಾ ಪ್ರಮಾಣಪತ್ರ ಪಡೆದ ಪರೀಕ್ಷಕರು ಲಸಿಕೆ, ಬೀಜ ಒಡೆಯುವುದು, ಗಾಯಕ್ಕೆ ಕಟ್ಟು ಹಾಕುವುದು ಮೊದಲಾದ ಸಣ್ಣ ಸೇವೆಗಳನ್ನು ಮಾತ್ರ, ಅದೂ ನೋಂದಾಯಿತ ವೈದ್ಯನ ಮೇಲುಸ್ತುವಾರಿಯಲ್ಲಿ, ಮಾಡಬಹುದು. ಪದವೀಧರರ ಸಂಘಟನೆಗೆ ಇದು ಗೆರೆ ದಾಟಬಾರದ ವಿಷಯ. ಆದರೆ ವೈದ್ಯನ ಹುದ್ದೆ ಖಾಲಿಯಿರುವ ಊರಿನಲ್ಲಿ ಮೇಲುಸ್ತುವಾರಿ ಕಾಗದದಲ್ಲಿ ಉಳಿದು, ರಾತ್ರಿ ಬಾಗಿಲು ತಟ್ಟಿದಾಗ ಎದ್ದು ಬರುವವರು ಪರೀಕ್ಷಕರೇ. ಕಾನೂನು ಕಾಪಾಡಬೇಕಾದದ್ದೂ ಹೌದು, ಹಸು ಉಳಿಯಬೇಕಾದದ್ದೂ ಹೌದು. ಎರಡೂ ಸಾಧ್ಯವಾಗಬೇಕಾದರೆ ಹುದ್ದೆ ತುಂಬಿರಬೇಕು.

ಬೇರೆ ದಾರಿ ಹಿಡಿದವರು

ಪದವಿ ಪಡೆದವರೆಲ್ಲ ಇಲಾಖೆಗೆ ಬರುವುದಿಲ್ಲ. ಹಾಲು ಒಕ್ಕೂಟಗಳು, ಕೋಳಿ ಮತ್ತು ಔಷಧ ಕಂಪನಿಗಳು, ಬ್ಯಾಂಕುಗಳ ಕೃಷಿ ಸಾಲ ವಿಭಾಗ, ಸೈನ್ಯದ ಪಶುವೈದ್ಯ ದಳ, ಮೃಗಾಲಯ, ಸಂಶೋಧನೆ, ಬೆಂಗಳೂರಿನ ನಾಯಿ ಬೆಕ್ಕುಗಳ ಖಾಸಗಿ ಚಿಕಿತ್ಸಾಲಯ, ಅರ್ಹತಾ ಪರೀಕ್ಷೆ ಬರೆದು ಅಮೆರಿಕ: ದಾರಿಗಳು ಹಲವು. ಪಶುವೈದ್ಯ ವಿಷಯವನ್ನೇ ಐಚ್ಛಿಕವಾಗಿ ಆರಿಸಿಕೊಂಡು ನಾಗರಿಕ ಸೇವೆ, ಅರಣ್ಯ ಸೇವೆಗೆ ಹೋದವರೂ ಇದ್ದಾರೆ. ವೃತ್ತಿಗೆ ಇದರಿಂದ ಮಾನ ಹೆಚ್ಚಿದೆ. ಹಳ್ಳಿಯ ಕೊಟ್ಟಿಗೆಗೆ ಮಾತ್ರ ಒಂದು ಕೈ ಕಡಿಮೆಯಾಗಿದೆ.

2022ರ ಪಾಠ

ವೈದ್ಯರ ಸಂಖ್ಯೆ ಸಾಕಾಗದಿದ್ದರೆ ಏನಾಗುತ್ತದೆ ಎಂಬುದು 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಎಲ್ಲರ ಕಣ್ಣಿಗೂ ಬಿತ್ತು. 2019ರಲ್ಲಿ ಒಡಿಶಾದಲ್ಲಿ ಮೊದಲು ಕಾಣಿಸಿದ ಈ ರೋಗ ಮೂರು ವರ್ಷಗಳಲ್ಲಿ ಉತ್ತರ ಕರ್ನಾಟಕದ ಎತ್ತುಗಳ ಮೈಮೇಲೆ ಗಂಟು ಗಂಟಾಗಿ ಎದ್ದಿತು. ದನದ ಸಂತೆ, ಜಾತ್ರೆಗಳಿಗೆ ನಿರ್ಬಂಧ ಬಂತು. ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೂ ಹಾಕುತ್ತಾ ಊರೂರು ಸುತ್ತಬೇಕಾದ ಸಿಬ್ಬಂದಿ, ಕೃತಕ ಗರ್ಭಧಾರಣೆ ಮತ್ತು ದೈನಂದಿನ ಚಿಕಿತ್ಸೆಯನ್ನೂ ಅದೇ ಕೈಗಳಲ್ಲಿ ನಿಭಾಯಿಸಬೇಕಿತ್ತು. 5,000 ಜಾನುವಾರು ಘಟಕಗಳಿಗೆ ಒಬ್ಬ ಪಶುವೈದ್ಯ ಇರಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲಿಯೇ ಹೇಳಿತ್ತು. ಹಸು, ಎಮ್ಮೆಗಳನ್ನು ಬಿಟ್ಟು ಕುರಿಗಳೇ 2019ರ ಗಣತಿಯಂತೆ 1.1 ಕೋಟಿಯಷ್ಟಿದ್ದ ರಾಜ್ಯದಲ್ಲಿ ಆ ಅಳತೆಗೋಲು ಇಂದಿಗೂ ಗುರಿಯಾಗಿಯೇ ಉಳಿದಿದೆ.

ಸರ್ಕಾರದ ಉತ್ತರ ಎರಡು ಬಗೆಯದು. ಕರ್ನಾಟಕ ಲೋಕಸೇವಾ ಆಯೋಗ 2024ರಲ್ಲಿ ಹಿಂಬಾಕಿ ಸೇರಿದಂತೆ 400 ಪಶುವೈದ್ಯಾಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆಯಿತು. ಇನ್ನೊಂದು, 1962 ಸಂಖ್ಯೆಗೆ ಕರೆ ಮಾಡಿದರೆ ಮನೆಬಾಗಿಲಿಗೆ ಬರುವ ಸಂಚಾರಿ ಚಿಕಿತ್ಸಾ ವಾಹನ. ಕೇಂದ್ರದ ಮಾರ್ಗಸೂಚಿಯಂತೆ ಒಂದು ಲಕ್ಷ ಜಾನುವಾರಿಗೆ ಒಂದು ವಾಹನ, ಅದರಲ್ಲಿ ಒಬ್ಬ ವೈದ್ಯ, ಒಬ್ಬ ಸಹಾಯಕ, ಒಬ್ಬ ಚಾಲಕ. ವಾಹನದ ಹುದ್ದೆ ಹೊರಗುತ್ತಿಗೆಯದು. ಇಲಾಖೆಯ ವೈದ್ಯನಿಗಿರುವ ಜ್ಯೇಷ್ಠತೆ, ಬಡ್ತಿ, ಸ್ಥಳೀಯ ವೃಂದ ಯಾವುದೂ ಆ ವೈದ್ಯನಿಗೆ ಅನ್ವಯಿಸುವುದಿಲ್ಲ. ಸಂಘವು ವರ್ಷಗಳಿಂದ ಕೇಳುತ್ತಿರುವ ಏಣಿಯ ಮೊದಲ ಮೆಟ್ಟಿಲೂ ಆತನ ಕಾಲಡಿಗಿಲ್ಲ. ಬೀದರಿನಿಂದ ಹೊಸದಾಗಿ ಪದವಿ ಪಡೆದು ಹೊರಬಂದವರಲ್ಲಿ ಅನೇಕರು ಆಯೋಗದ ಪರೀಕ್ಷೆಗೆ ಓದುತ್ತಲೇ ಇಂತಹ ಕೆಲಸಕ್ಕೆ ಸೇರುತ್ತಾರೆ, ನೇಮಕಾತಿ ಆದೇಶ ಕೈಸೇರಿದ ದಿನ ವಾಹನದಿಂದ ಇಳಿಯುತ್ತಾರೆ.